ಕೋಸಂಬರಿಗೆ ಹೋಗಿ ತಾಳ ಹಾಕಿ ಬಂದೆ

ಅಮ್ಮನ ಭಜನಾ ಮಂಡಳಿಗೆ ಇವತ್ತು ಸುಮ್ನೆ ಜೊತೆಗೆ ಹೋಗಿದ್ದೆ. ಹೋಗಿದ್ದು ಕೋಸಂಬರಿಗೆ, ಸುಳ್ಳು ಯಾಕೆ ಹೇಳಲಿ! ಕೈಗೆ ತಾಳ ಕೊಟ್ಟು ಕೂರಿಸಿದರು. ಎರಡನೇ ಹಾಡಿಗೇ ತಪ್ಪಿದೆ. ಪಕ್ಕದ ಅಜ್ಜಿ ಬೈಯಲಿಲ್ಲ. ನನ್ನ ಮಂಡಿಯ ಮೇಲೆ ಬೆರಳಿಂದ ಮೆಲ್ಲಗೆ ತಟ್ಟುತ್ತಾ ತಮ್ಮ ಪಾಡಿಗೆ ಹಾಡುತ್ತಿದ್ದರು. ಅವರ ಹಾಡಿನ ಪುಸ್ತಕದಲ್ಲಿ ಪುಟಪುಟಕ್ಕೂ ಅರಿಶಿನದ ಬೆರಳಚ್ಚು. ಕನ್ನಡಕ ಮರೆತು ಬಂದಿದ್ದರೂ ಪುಟ ಮಾತ್ರ ಸರಿಯಾಗಿ ತಿರುಗಿಸುತ್ತಿದ್ದರು.

ಕೊನೆಯ ಚರಣದಲ್ಲಿ ‘ಪುರಂದರವಿಠಲ’ ಅಂತ ಅಂಕಿತ ಬಂದಾಗ ಎಲ್ಲರ ತಲೆಯೂ ಒಂಚೂರು ಬಾಗುತ್ತದೆ. ಯಾರೂ ಹೇಳಿಕೊಟ್ಟಿದ್ದಲ್ಲ. ದಾಸರು ತೀರಿಕೊಂಡಿದ್ದು 1564ರಲ್ಲಿ ಅಂತಾರೆ. ಸಹಿ ಮಾತ್ರ ಪ್ರತಿ ಶನಿವಾರ ನಮ್ಮ ಬೀದಿಯಲ್ಲಿ ಬೀಳುತ್ತಿದೆ.

ಕಛೇರಿಯಲ್ಲಿ ಹಾಡುವವರು ಬೇರೆ, ಕೇಳುವವರು ಬೇರೆ. ಭಜನೆಗೆ ಬರೀ ಕೇಳೋಕೆ ಅಂತ ಯಾರೂ ಬಂದಿರುವುದಿಲ್ಲ, ಅಲ್ವಾ? ಒಬ್ಬರು ಹೇಳಿಕೊಡುತ್ತಾರೆ, ಉಳಿದವರು ಅದನ್ನೇ ಹೇಳುತ್ತಾರೆ. ಶ್ರುತಿಯಿಲ್ಲದ ನನ್ನ ದನಿಯೂ ಅದರಲ್ಲೆಲ್ಲೋ ಸೇರಿಹೋಯಿತು. ಮನೆಯಲ್ಲಿ ಕಣ್ಣು ಮುಚ್ಚಿ ಕೂತರೆ ಐದೇ ನಿಮಿಷಕ್ಕೆ ಫೋನ್ ನೆನಪಾಗುತ್ತದೆ. ಅಲ್ಲಿ ಒಂದೂವರೆ ಗಂಟೆ ಅದರ ಸುದ್ದಿಯೇ ಇಲ್ಲ.

ಕೋಸಂಬರಿಗೆ ಉಪ್ಪು ಜಾಸ್ತಿಯಾಗಿತ್ತು. ಎರಡು ಸಲ ಹಾಕಿಸಿಕೊಂಡೆ.