ದಮ್ಮನಕಟ್ಟೆಗೆ ಹೋಗಿ ಬಂದೆವು

ಏಪ್ರಿಲ್ 14, 2024, ಭಾನುವಾರ

ಹುಲಿ ಕಾಣಲಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾಗರಹೊಳೆಗೆ ಹೋಗಿದ್ವಿ ಅಂದ ತಕ್ಷಣ ಎಲ್ಲರೂ ಕೇಳುವುದು ಅದೊಂದೇ.

ಮಕ್ಕಳನ್ನು ಅತ್ತೆ ಹತ್ತಿರ ಬಿಟ್ಟು ನಾವಿಬ್ಬರೇ ಎಲ್ಲಿಗಾದರೂ ಹೊರಟಿದ್ದು ಮದುವೆಯಾದ ಹನ್ನೆರಡು ವರ್ಷದಲ್ಲಿ ಇದೇ ಮೊದಲು. ಅದೂ ಒಂದೂವರೆ ದಿನಕ್ಕೆ. ನಿನ್ನೆ ಬೆಳಗ್ಗೆ ಮೈಸೂರು ಬಿಟ್ಟು, ಎಚ್.ಡಿ. ಕೋಟೆಯಲ್ಲಿ ತಿಂಡಿ ಮುಗಿಸಿ, ಅಂತರಸಂತೆ ದಾಟಿ, ಮಧ್ಯಾಹ್ನದ ಸಫಾರಿಗೆ ದಮ್ಮನಕಟ್ಟೆಯಲ್ಲಿ ಅರಣ್ಯ ಇಲಾಖೆಯ ಬಸ್ಸು ಹತ್ತಿದೆವು.

ಕಾಡು ನೋಡಿ ಹೊಟ್ಟೆ ಉರಿಯಿತು. ಹೋದ ವರ್ಷ ಮಳೆ ಕೈಕೊಟ್ಟಿತ್ತಲ್ವಾ, ತೇಗದ ಮರಗಳಲ್ಲಿ ಎಲೆಯೇ ಇಲ್ಲ, ನೆಲದ ಮೇಲಿನ ತರಗೆಲೆ ಹಪ್ಪಳದ ಹಾಗೆ ಒಣಗಿದೆ. ಜಾಸ್ತಿ ಕಂಡಿದ್ದು ಲಂಟಾನ ಪೊದೆ. ಅದು ಹಬ್ಬಿದ ಕಡೆ ಹುಲ್ಲು ಏಳುವುದಿಲ್ಲ, ಹುಲ್ಲಿಲ್ಲದಿದ್ದರೆ ಜಿಂಕೆ, ಕಾಟಿ ಏನು ತಿನ್ನಬೇಕು? ಹುಲಿಯ ಲೆಕ್ಕ ಪೇಪರಿನಲ್ಲಿ ದೊಡ್ಡದಾಗಿ ಬರುತ್ತದೆ, ಈ ಲಂಟಾನದ ಬಗ್ಗೆ ಅಷ್ಟು ಮಾತಾಡುವುದನ್ನು ನಾನಂತೂ ಕೇಳಿಲ್ಲ.

ಬಸ್ಸು ಕಬಿನಿ ಹಿನ್ನೀರಿನ ಕಡೆ ಇಳಿಯಿತು. ಡ್ರೈವರ್ ಎಂಜಿನ್ ಆಫ್ ಮಾಡಿದರು.

ಆನೆಗಳು. ಒಂದು ಮೂವತ್ತಾದರೂ ಇದ್ದವು. ಬೇಸಿಗೆಯಲ್ಲಿ ನೀರು ಹಿಂದೆ ಸರಿದ ಹಾಗೆ ಕೆಸರು ನೆಲ ಹೊರಗೆ ಬರುತ್ತದೆ, ಅದರಲ್ಲಿ ಎಳೆ ಹುಲ್ಲು ಚಿಗುರುತ್ತದೆ, ಆ ಹುಲ್ಲಿಗೂ ನೀರಿಗೂ ಅಂತ ನಾಗರಹೊಳೆ, ಬಂಡೀಪುರ, ವಯನಾಡು ಮೂರೂ ಕಡೆಯ ಆನೆಗಳು ಇಲ್ಲಿ ಬಂದು ಸೇರುತ್ತವೆ. ಎದುರು ದಡವೇ ಬಂಡೀಪುರ. ಅಷ್ಟೆಲ್ಲ ಓದಿಕೊಂಡೇ ಹೋಗಿದ್ದೆ, ಆದರೂ ಎದುರಿಗೆ ಕಂಡಾಗ ಮಾತೇ ಹೊರಡಲಿಲ್ಲ. ಒಂದು ಹೆಣ್ಣಾನೆ ಕಾಲುಗುರಿನಿಂದ ಹುಲ್ಲು ಕೆರೆದು, ಸೊಂಡಿಲಲ್ಲಿ ಹಿಡಿ ಮಾಡಿ, ಮುಂಗಾಲಿಗೆ ಪಟಪಟ ಬಡಿದು ಮಣ್ಣು ಉದುರಿಸಿ ಆಮೇಲೆ ಬಾಯಿಗಿಡುತ್ತಿತ್ತು, ನಾವು ಸೊಪ್ಪು ತೊಳೆಯುವಷ್ಟೇ ಶ್ರದ್ಧೆಯಿಂದ. ಮರಿಗಳು ದೊಡ್ಡವರ ಕಾಲ ಸಂದಿಯಲ್ಲೇ. ಆರು ಅಂದರು ಇವರು, ನಾನು ಏಳು ಎಣಿಸಿದೆ. ಎರಡು ಸಲ ಎಣಿಸಿದ ಮೇಲೆ ಒಪ್ಪಿಕೊಂಡರು.

ನನಗೆ ಅಪ್ಪನದೇ ನೆನಪು. ಇದೇ ಕಾಕನಕೋಟೆ ಕಾಡಿನಲ್ಲಿ ಕೊನೆಯ ಖೆಡ್ಡಾ, ಅಂದರೆ ಕಾಡಾನೆ ಹಿಡಿಯುವ ಕೆಲಸ, ಆಗಿದ್ದು 1971ರಲ್ಲಿ. ಆಗ ಅಪ್ಪನಿಗೆ ಹನ್ನೆರಡು ವರ್ಷ, ಸರಗೂರಿನಿಂದ ತಾತನ ಜೊತೆ ನೋಡಲು ಹೋಗಿದ್ದರಂತೆ. ತಮಟೆ ಬಡಿದು, ಕೂಗಿ, ಹಿಂಡನ್ನು ಹೊಳೆಗೆ ಇಳಿಸಿ ದೊಡ್ಡಿಗೆ ನುಗ್ಗಿಸುವುದು, ಆಮೇಲೆ ಸಾಕಾನೆ ಮೇಲೆ ಕೂತ ಮಾವುತರು ಹಗ್ಗ ಹಾಕುವುದು. ಊರಿಗೆ ಊರೇ ಜಾತ್ರೆ ಥರ ಸೇರಿತ್ತಂತೆ. ಅಪ್ಪ ಪ್ರತಿ ಸಲ ಹೇಳುವುದು ಮಾತ್ರ ಒಂದು ಮರಿಯ ಕತೆ. ತಾಯಿಗೆ ಹಗ್ಗ ಬಿಗಿಯುವಾಗ ಅದು ತಾಯಿಯ ಹೊಟ್ಟೆ ಕೆಳಗೆ ಮತ್ತೆ ಮತ್ತೆ ನುಗ್ಗುತ್ತಿತ್ತಂತೆ. ಮುಂದಿನ ವರ್ಷ ವನ್ಯಜೀವಿ ಕಾಯ್ದೆ ಬಂತು. 1974ಕ್ಕೆ ಕಬಿನಿ ಅಣೆಕಟ್ಟು ಮುಗಿದು ಆ ಕಾಡಿನ ಎಷ್ಟೋ ಭಾಗ ನೀರಿನಡಿ ಹೋಯಿತು. ಹಿನ್ನೀರಿನಲ್ಲಿ ಇವತ್ತಿಗೂ ನಿಂತಿರುವ ಬೋಳು ಮರಗಳು ಆ ಕಾಡಿನವೇ. ಅದರ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದವು.

ಆ ಕಾಡಿನಲ್ಲಿದ್ದ ಜನರನ್ನೂ ಮರೆಯುವ ಹಾಗಿಲ್ಲ. ಖೆಡ್ಡಾ ಕಾಲದಲ್ಲಿ ಆನೆಯ ಜಾಡು ಹಿಡಿಯಲು ಬೇಕಾಗಿದ್ದವರು ಜೇನುಕುರುಬರು. ಆಮೇಲೆ ಅವರ ಎಷ್ಟೋ ಹಾಡಿಗಳನ್ನೇ ಕಾಡಿನಿಂದ ಎಬ್ಬಿಸಿದರು. ಟಿಕೆಟ್ ತಗೊಂಡ ನನ್ನನ್ನು ಒಳಗೆ ಬಿಟ್ಟರಲ್ಲ ಅನ್ನುವುದು ದಾರಿಯುದ್ದಕ್ಕೂ ಚುಚ್ಚುತ್ತಿತ್ತು.

ಇವತ್ತು ಬೆಳಗಿನ ಸಫಾರಿಯಲ್ಲಿ ಒಂದು ಕಡೆ ಹುಲಿಯ ಸುಳಿವು ಸಿಕ್ಕ ಹಾಗೆ ಜಿಂಕೆ ಕೂಗಿತು, ಹಿಂದೆಯೇ ಮರದ ಮೇಲಿಂದ ಮುಸಿಯ ಕೋತಿ. ಬಸ್ಸಿಡೀ ಉಸಿರು ಹಿಡಿದು ಕೂತಿರುವಾಗ ಯಾರದೋ ಮೊಬೈಲ್ ಜೋರಾಗಿ ಹೊಡೆದುಕೊಂಡಿತು. ಇಪ್ಪತ್ತು ನಿಮಿಷ ಕಾದೆವು. ಏನೂ ಹೊರಗೆ ಬರಲಿಲ್ಲ. "ಬೇಜಾರಾಯ್ತೇನೇ?" ಅಂದರು ಇವರು. "ನಿಮಗಾಯ್ತಾ?" ಅಂದೆ. "ಇಲ್ಲ ಕಣೆ, ನಿನ್ನೆ ಸಂಜೆದೇ ಇನ್ನೂ ಕಣ್ಣಲ್ಲಿದೆ."

ವಾಪಸ್ ಬರುವಾಗ ಸರಗೂರಿನಲ್ಲಿ ಅಪ್ಪನ ಮನೆಗೆ ಹೋದೆವು. ಊಟಕ್ಕೆ ಮುಂಚೆಯೇ ಮೊಬೈಲಿನಲ್ಲಿ ವಿಡಿಯೋ ಹಾಕಿ ಕೊಟ್ಟೆ. ಕನ್ನಡಕ ಹಾಕಿಕೊಂಡು, ಫೋನನ್ನು ಮುಖದ ಹತ್ತಿರ ಹಿಡಿದು, ಮಾತಿಲ್ಲದೆ ನೋಡಿದರು. ಮುಗಿದ ಮೇಲೆ "ಇನ್ನೊಂದ್ಸಲ ಹಾಕವ್ವ" ಅಂದರು. ಹಾಕಿದೆ.

"ಮರಿ ಏಳಿದ್ವು ಅಪ್ಪ" ಅಂದೆ.

"ಏಳಲ್ಲ, ಎಂಟು. ನೋಡು ಇಲ್ಲಿ, ಈ ತಾಯಿ ಹಿಂದೆ ಒಂದು ಮಲಗಿದೆ" ಅಂತ ಪರದೆ ಮೇಲೆ ಬೆರಳಿಟ್ಟು ತೋರಿಸಿದರು.