ಕಾಯ್ಸಿ ಕುಡುದ್ರೆ ಓಗಲ್ವಾ ಸಾ?

ಶನಿವಾರ ಸಂಜೆಯ ಕಾರ್ಯಕ್ರಮ ಮುಗಿದು ನಾಲ್ಕು ದಿನವಾಯಿತು. ಆ ಅಜ್ಜಿ ಎದ್ದು ನಿಂತದ್ದು, ಕೇಳಿದ್ದು, ಮತ್ತೆ ಕೂತದ್ದು ಕಣ್ಣ ಮುಂದಿನಿಂದ ಸರಿಯುತ್ತಲೇ ಇಲ್ಲ. ಗೌರಿಬಿದನೂರು ತಾಲ್ಲೂಕಿನ ಒಂದು ಊರು. ಅಲ್ಲಿನ ಅರಿವು ಕೇಂದ್ರದಲ್ಲಿ, ಅಂದರೆ ಪಂಚಾಯಿತಿ ಗ್ರಂಥಾಲಯದಲ್ಲಿ, ದೊಡ್ಡವರಿಗೆಂದೇ ಇಟ್ಟುಕೊಂಡ ಉಪನ್ಯಾಸ, ವಿಷಯ ಕೊಳವೆಬಾವಿ ನೀರಿನಲ್ಲಿ ಕರಗಿದ್ದು, ಮಿತಿ ಮೀರಿದರೆ ಹಲ್ಲು ಮೂಳೆಗೆ ಕೇಡು ಮಾಡುವ ಫ್ಲೋರೈಡ್. ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರೊಬ್ಬರು ಐವತ್ತು ನಿಮಿಷ ಮಾತಾಡಿ, "ಏನಾದ್ರೂ ಪ್ರಶ್ನೆ ಇದ್ರೆ ಕೇಳಿ" ಅಂದರು. ಮೂರನೇ ಸಾಲಿನಿಂದ ಅಜ್ಜಿ ಎದ್ದರು.

"ಕಾಯ್ಸಿ ಕುಡುದ್ರೆ ಓಗಲ್ವಾ ಸಾ?"

"ಆಗ್ಲೇ ಹೇಳಿದ್ನಲ್ಲಮ್ಮ, ಕುದಿಸಿದ್ರೆ ಫ್ಲೋರೈಡ್ ಹೋಗಲ್ಲ ಅಂತ. ಇನ್ಯಾರು ಕೇಳ್ತೀರಿ?"

ಅಜ್ಜಿ ಸೆರಗು ಸರಿಮಾಡಿಕೊಂಡು ಕೂತರು. ಇನ್ಯಾರೂ ಕೇಳಲಿಲ್ಲ. ಮೂವತ್ತು ಚಿಲ್ಲರೆ ಜನ, ಒಂದೇ ಪ್ರಶ್ನೆ. ವಂದನಾರ್ಪಣೆ ಶುರುವಾಯಿತು.

ಮೇಷ್ಟ್ರು ಹೇಳಿದ್ದರಲ್ಲಿ ಸುಳ್ಳಿಲ್ಲ. ಮಾತಿನ ನಡುವೆ ಆ ಒಂದು ವಾಕ್ಯ ಬಂದು ಹೋಗಿತ್ತು. ಅಜ್ಜಿ ಅದನ್ನು ಕೇಳಿಸಿಕೊಂಡಿದ್ದರು ಕೂಡ, ಕೇಳಿಸಿಕೊಂಡದ್ದಕ್ಕೇ ಎದ್ದು ನಿಂತದ್ದು. ಇಷ್ಟು ವರ್ಷ ಆಸ್ಪತ್ರೆಯವರು, ಅಂಗನವಾಡಿಯವರು, ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೆ ಬಂದು ಹೇಳಿರುವುದು ಒಂದೇ ಮಾತು: ನೀರು ಕಾಯಿಸಿ, ಆರಿಸಿ, ಸೋಸಿ ಕುಡೀರಿ. ಆ ಪಾಠ ಈಕೆಗೆ ಚೆನ್ನಾಗಿ ತಲೆಗೆ ಹತ್ತಿದೆ. ಈಗ ಇನ್ನೊಬ್ಬರು ಬಂದು ಕಾಯಿಸಿದರೆ ಪ್ರಯೋಜನ ಇಲ್ಲ ಅಂದರೆ ಯಾವುದನ್ನು ನಂಬಬೇಕು? ವಾಂತಿಭೇದಿಯ ಕ್ರಿಮಿಗೆ ಜೀವ ಇದೆ, ಬಿಸಿಗೆ ಸಾಯುತ್ತದೆ. ಫ್ಲೋರೈಡ್‌ಗೆ ಜೀವ ಇಲ್ಲ, ಅದು ಉಪ್ಪಿನ ಹಾಗೆ ಕರಗಿ ಕೂತಿರುತ್ತದೆ. ಆದ್ದರಿಂದ ಮೊದಲಿನ ಪಾಠ ತಪ್ಪಲ್ಲ, ಫ್ಲೋರೈಡ್‌ಗೆ ಅದು ನಾಟದು, ಅಷ್ಟೆ. ಈ ನಾಲ್ಕು ಮಾತು ಹೇಳಲು ಅರ್ಧ ನಿಮಿಷ ಸಾಕಿತ್ತು. ಹೇಳದೆ ಇದ್ದುದರಿಂದ ಎರಡು ಅಪಾಯ: ಅಜ್ಜಿ ಕಾಯಿಸುವುದನ್ನೇ ಬಿಡಬಹುದು, ಇಲ್ಲವೇ ಕಾಯಿಸಿದರೆ ಸಾಕೆಂದು ಅದೇ ನೀರನ್ನು ಮೊಮ್ಮಕ್ಕಳಿಗೂ ಕೊಡುತ್ತಾ ಹೋಗಬಹುದು.

ಉತ್ತರ ಸಭೆಯಲ್ಲೇ ಇತ್ತು. ಪಕ್ಕದಲ್ಲಿ ಕೂತ ಹೆಂಗಸು ತೆಲುಗಿನಲ್ಲಿ ಮೆಲ್ಲಗೆ ಅಂದರು: ಸಾರು ಬತ್ತಿದರೆ ಉಪ್ಪು ಎಲ್ಲಿಗೆ ಹೋಗುತ್ತೆ ಅಕ್ಕಾ, ಇನ್ನೂ ಜಾಸ್ತಿ ಆಗಲ್ವಾ? ಈ ಕಡೆಯ ಎಷ್ಟೋ ಮನೆಗಳಲ್ಲಿ ಒಳಗೆ ತೆಲುಗು, ಹೊರಗೆ ಕನ್ನಡ. ಸಭೆಯ ನಿಜವಾದ ಚರ್ಚೆ ಹೀಗೆ ತೆಲುಗಿನಲ್ಲಿ, ಪಿಸುಮಾತಿನಲ್ಲಿ ನಡೆಯುತ್ತದೆ. ಒಂದೇ ಮೈಕು ಇದ್ದು ಅದು ವೇದಿಕೆಯ ಮೇಲೇ ನಿಂತಿದ್ದರೆ ಆ ಮಾತು ಮುಂದಿನ ಸಾಲನ್ನೂ ದಾಟುವುದಿಲ್ಲ.

ಬತ್ತಿದ ಸಾರಿನ ಆ ಮಾತು ಲೆಕ್ಕಕ್ಕೂ ಸರಿಹೋಗುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಫ್ಲೋರೈಡ್ ಇರುವ 2 ಲೀಟರ್ ನೀರನ್ನು ಒಲೆಗಿಟ್ಟರೆ ಪಾತ್ರೆಯಲ್ಲಿ ಒಟ್ಟು 3 ಮಿಲಿಗ್ರಾಂ ಇರುತ್ತದೆ. ಕುದಿದು ಒಂದೂವರೆ ಲೀಟರಿಗೆ ಇಳಿದಾಗಲೂ ಅದೇ 3 ಮಿಲಿಗ್ರಾಂ, ಅಂದರೆ ಲೀಟರಿಗೆ 2. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಮಿತಿ 1 ಮಿಲಿಗ್ರಾಂ, ಬೇರೆ ನೀರೇ ಸಿಗದ ಕಡೆ 1.5ರವರೆಗೆ. ಈ ಮಿಲಿಗ್ರಾಂ ಅನ್ನುವುದು ಕೇಳುವವರ ತಲೆಯಲ್ಲಿ ಎಲ್ಲೂ ನಿಲ್ಲುವುದಿಲ್ಲ. ಮನೆ ಮೇಲಿನ ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕಿಗೆ ಒಂದೂವರೆ ಗ್ರಾಂ, ಎರಡು ಬೆರಳಲ್ಲಿ ಹಿಡಿಯುವಷ್ಟು ಪುಡಿ ಅಂದರೆ ಥಟ್ಟನೆ ನಿಲ್ಲುತ್ತದೆ. ಅಷ್ಟು ಸ್ವಲ್ಪದಿಂದ ಹಲ್ಲು ಕಂದುವುದೆ ಅಂತ ಆಶ್ಚರ್ಯವೂ ಆಗುತ್ತದೆ, ಪ್ರಶ್ನೆ ಹುಟ್ಟುವುದು ಅಲ್ಲಿಂದಲೇ. ಹಲ್ಲು ವಸಡಿನೊಳಗೆ ಕಟ್ಟಿಕೊಳ್ಳುವ ಮೊದಲ ಎಂಟು ವರ್ಷದಲ್ಲಿ ಕುಡಿದ ನೀರು ಹಲ್ಲಿನ ಮೇಲೆ ಕಲೆ ಉಳಿಸಿ ಹೋಗುತ್ತದೆ, ಆಮೇಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಮೂಳೆ, ಕೀಲಿನ ಕಾಟ ಬರುವುದು ಹೆಚ್ಚಿನ ಪ್ರಮಾಣದ ನೀರನ್ನು ಬಹಳ ವರ್ಷ ಕುಡಿದ ಮೇಲೆ.

ಮೇಷ್ಟ್ರ ಮೇಲೆ ಕೋಪವಿಲ್ಲ. ಸ್ವಂತ ಪೆಟ್ರೋಲ್ ಹಾಕಿಕೊಂಡು ಬಂದವರು, ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ, ನಲವತ್ತೆರಡು ಸ್ಲೈಡ್ ಮಾಡಿಕೊಂಡು ಬಂದಿದ್ದರು. ಅವರ ರೂಢಿ ಕಾಲೇಜಿನದು. ಕಾಲೇಜಿನಲ್ಲಿ "ಆಗ್ಲೇ ಹೇಳಿದ್ನಲ್ಲ" ಅಂದರೆ ಹುಡುಗ ನೋಟ್ಸ್ ನೋಡಿಕೊಳ್ಳುತ್ತಾನೆ. ಅರವತ್ತೈದರ ಹೆಂಗಸಿಗೆ ನೋಟ್ಸ್ ಇಲ್ಲ. ಆಕೆ ಮತ್ತೆ ಎದ್ದು ನಿಲ್ಲುವುದು ಬಹುಶಃ ಇನ್ನೊಂದು ವರ್ಷಕ್ಕೆ. ಊರಿನವರ ಎದುರು ಒಮ್ಮೆ ಮುಖಭಂಗವಾದರೆ ಅದು ಒಬ್ಬರಿಗೇ ನಿಲ್ಲುವುದಿಲ್ಲ, ಆ ಸಾಲಿಗೆ ಸಾಲೇ ಬಾಯಿ ಮುಚ್ಚುತ್ತದೆ.

ಕೆಟ್ಟದ್ದು ಅದೊಂದೇ ಅಲ್ಲ. ಕಾರ್ಯಕ್ರಮ ಐದಕ್ಕೆ ಅಂತ ಇತ್ತು. ಪ್ರಾರ್ಥನೆ, ಸ್ವಾಗತ, ದೀಪ, ಹಾರ, ಪ್ರಾಸ್ತಾವಿಕ ನುಡಿ ಮುಗಿಯುವಷ್ಟರಲ್ಲಿ ಐದೂಮುಕ್ಕಾಲು. ಡೇರಿಗೆ ಹಾಲು ಹಾಕುವ ಹೊತ್ತು ಅದೇ, ಕ್ಯಾನ್ ಹಿಡಿದವರು ಒಬ್ಬೊಬ್ಬರಾಗಿ ಎದ್ದರು. ಹಸು ಕಟ್ಟಿದ ಊರಿನಲ್ಲಿ ಡೇರಿ ಮುಚ್ಚಿದ ಕಾಲು ಗಂಟೆ ಬಿಟ್ಟು, ಅಂದರೆ ಏಳೂಕಾಲರ ಸುಮಾರಿಗೆ ಶುರುಮಾಡಿ ಎಂಟಕ್ಕೆ ಬಿಟ್ಟುಬಿಡಬೇಕು. ಮುದ್ದೆಗೆ ಎಸರಿಡುವ ಹೊತ್ತು ಮೀರಿದರೆ ಹೆಂಗಸರು ಬರುವುದಿಲ್ಲ. ಆ ಮುಕ್ಕಾಲು ಗಂಟೆಯಲ್ಲಿ ಮಾತು ಇಪ್ಪತ್ತೇ ನಿಮಿಷ, ಉಳಿದದ್ದು ಕೇಳುವವರದ್ದು. ಮಾತಿಗೆ ಮೊದಲು ಐದು ನಿಮಿಷ ಅವರನ್ನೇ ಕೇಳಬೇಕು: ಯಾವ ನೀರು ಕುಡೀತೀರಿ, ಅಡುಗೆಗೆ ಯಾವುದು, ಕಾಯಿಸ್ತೀರಾ? ಹಾಗೆ ಕೇಳಿದ್ದರೆ ಅಜ್ಜಿಯ ಕಾಯಿಸುವ ಮಾತು ಮೊದಲೇ ಬಂದುಬಿಡುತ್ತಿತ್ತು, ಇಡೀ ಉಪನ್ಯಾಸ ಅದರ ಮೇಲೇ ನಿಲ್ಲುತ್ತಿತ್ತು.

ಸ್ಲೈಡಿನ ಅಕ್ಷರ ಹಿಂದಿನ ಸಾಲಿಗೆ ಕಾಣಲಿಲ್ಲ. ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ ಅನ್ನುವುದು ಹಳೆಯ ಲೆಕ್ಕ. ಮೂವತ್ತು ಅಡಿ ಹಿಂದೆ ಜನ ಕೂತಿದ್ದರೆ ಮೂರು ಇಂಚು ಬೇಕು, ಒತ್ತಕ್ಷರ ಕೆಳಗಿನ ಸಾಲಿಗೆ ತಾಗದಂತೆ ನಡುವೆ ಜಾಗವೂ ಬೇಕು. ಹಂಚಿದ ಕರಪತ್ರದ ಅಕ್ಷರ ಇನ್ನೂ ಸಣ್ಣದು. ನಲವತ್ತು ದಾಟಿದ ಕಣ್ಣು ಹತ್ತಿರದ್ದನ್ನು ಓದಲು ಸೋಲುತ್ತದೆ. ಚೀಟಿಯನ್ನು ತೋಳುದ್ದ ಹಿಡಿದು ನೋಡಿ, ಮಡಿಚಿ, ಸೊಂಟಕ್ಕೆ ಸಿಕ್ಕಿಸಿಕೊಂಡವರನ್ನು ಅಕ್ಷರ ಬಾರದವರು ಅಂದುಕೊಳ್ಳುವುದು ತಪ್ಪು. ಹದಿನೆಂಟು ಪಾಯಿಂಟಿನಲ್ಲಿ ಒಂದೇ ಪುಟ ಅಚ್ಚು ಹಾಕಿಸಿ, ಬೇರೆ ಬೇರೆ ಪವರಿನ ನಾಲ್ಕು ಓದುವ ಕನ್ನಡಕ ಮೇಜಿನ ಮೇಲಿಟ್ಟರೆ ಅರ್ಧ ಕಷ್ಟ ಕಳೆಯುತ್ತದೆ. ಕೇಂದ್ರ ನೋಡಿಕೊಳ್ಳುವ ಹೆಣ್ಣುಮಗಳು ಮಾತ್ರ ಒಂದು ಕೆಲಸ ಅಚ್ಚುಕಟ್ಟಾಗಿ ಮಾಡಿದ್ದಳು. ಜಮಖಾನ ಬೇಡ, ಮೊಣಕಾಲು ನೋವಿನವರು ಬರ್ತಾರೆ ಅಂತ ಒರಗುವ ಕುರ್ಚಿ ಹೊಂದಿಸಿದ್ದಳು. ಅದಕ್ಕೇ ಅಷ್ಟು ಜನ ಕೂತದ್ದು. ಭಾಷಣದಲ್ಲಿ ಆಕೆಯ ಹೆಸರು ಯಾರೂ ಎತ್ತಲಿಲ್ಲ.

ಇದೇ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರ ನೆನಪಾಗದೆ ಇರುವುದಿಲ್ಲ. ಅಮೆರಿಕದಲ್ಲಿ ನ್ಯೂಕ್ಲಿಯರ್ ಭೌತಶಾಸ್ತ್ರ ಓದಿ ಬಂದು, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ವಾರವಾರವೂ ಸಾರ್ವಜನಿಕರಿಗೆ ವಿಜ್ಞಾನದ ಉಪನ್ಯಾಸ ನಡೆಯುವಂತೆ ಮಾಡಿದರು. ಪ್ರಶ್ನೆ ಕೇಳುವುದನ್ನೇ ವಿದ್ಯೆ ಅಂದುಕೊಂಡವರು ಅವರು. ಅವರ ತಾಲ್ಲೂಕಿನಲ್ಲಿ ಒಂದು ಒಳ್ಳೆಯ ಪ್ರಶ್ನೆಗೆ ಹೀಗಾಯಿತಲ್ಲ ಅಂತ ಹೊಟ್ಟೆಯಲ್ಲಿ ಸಂಕಟ. 15 ವರ್ಷ ದಾಟಿದವರಿಗೆಂದು 2022ರಿಂದ ನಡೆಯುತ್ತಿರುವ ಕೇಂದ್ರ ಸರ್ಕಾರದ ಉಲ್ಲಾಸ್ ಸಾಕ್ಷರತಾ ಕಾರ್ಯಕ್ರಮ ಕೂಡ ಓದು, ಬರಹ, ಲೆಕ್ಕಕ್ಕೆ ನಿಲ್ಲುವುದಿಲ್ಲ. ಆರೋಗ್ಯ, ಹಣಕಾಸು, ಕಸುಬು, ಮುಂದಿನ ಓದು ಎಲ್ಲವೂ ಅದರಲ್ಲಿ ಸೇರಿವೆ. ಇವೆಲ್ಲ ಅಂಗೈಗೆ ಸಿಗುವುದು ಇಂಥ ಶನಿವಾರಗಳಲ್ಲೇ. ರುಜು ಹಾಕಲು ಕಲಿತ ಹೆಂಗಸಿಗೆ ನೀರಿನ ವರದಿ ಓದಲು ಯಾರು ಕಲಿಸಬೇಕು?

ಫ್ಲೋರೈಡ್ ವಿಷಯಕ್ಕಂತೂ ಸ್ಲೈಡೇ ಬೇಕಾಗಿಲ್ಲ. ಪರೀಕ್ಷೆ ಕಿಟ್ ತಂದು ಮೇಜಿನ ಮೇಲಿಟ್ಟರೆ ಸಾಕು. ಜಲ ಜೀವನ್ ಮಿಷನ್ ಅಡಿ ಊರಿಗೆ ಐವರು ಹೆಂಗಸರಿಗೆ ಇದರ ತರಬೇತಿ ಕೊಡಬೇಕೆಂದೇ ಇದೆ, ಅವರಿಂದಲೇ ಮಾಡಿಸಬಹುದು. ಬೋರ್‌ವೆಲ್ ಐದಾರು ನಿಮಿಷ ಓಡಿದ ಮೇಲೆ ನೀರು ಹಿಡಿಯಬೇಕು. ಗಾಜಿನ ಸೀಸೆ ಬೇಡ, ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಬೇಕು. ಪಕ್ಕದಲ್ಲಿ ಹಿಡಿದಿಟ್ಟ ಮಳೆನೀರು ಇರಲಿ, ಅದರಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಕಿಟ್‌ನಲ್ಲಿ ಹೇಳಿದಷ್ಟೇ ನೀರಿಗೆ ಹೇಳಿದಷ್ಟೇ ದ್ರಾವಣ, ಕಣ್ಣಳತೆ ಆಗದು. ಸಾಮಾನ್ಯವಾಗಿ ಸಿಗುವ ಕಿಟ್‌ಗಳಲ್ಲಿ ಫ್ಲೋರೈಡ್ ಹೆಚ್ಚಿದಷ್ಟೂ ಗುಲಾಬಿ ಬಣ್ಣ ಹಳದಿಗೆ ತಿರುಗುತ್ತದೆ. ಬಣ್ಣವನ್ನು ಹಗಲು ಬೆಳಕಿನಲ್ಲಿ, ಬಿಳಿ ಹಾಳೆ ಹಿಂದಿಟ್ಟು ನೋಡಬೇಕು. ಹಳದಿ ಬಲ್ಬಿನ ಕೆಳಗೆ ನೋಡಿದರೆ ಒಂದಕ್ಕೆ ಎರಡು ಕಾಣುತ್ತದೆ. ಆದ್ದರಿಂದ ಪರೀಕ್ಷೆ ಮಧ್ಯಾಹ್ನ ಮಾಡಿಟ್ಟು, ರಾತ್ರಿ ಅದರ ಮಾತು. ದ್ರಾವಣದ ಅವಧಿ ಮುಗಿದಿದ್ದರೆ ಬಣ್ಣವನ್ನು ನಂಬುವ ಹಾಗಿಲ್ಲ, ಸೀಸೆಯ ಮೇಲಿನ ತಾರೀಖನ್ನು ಎಲ್ಲರೆದುರು ಜೋರಾಗಿ ಓದಿಸಬೇಕು. ಆ ಓದೂ ಒಂದು ಪಾಠವೇ.

ಪೆನ್ನಿನ ಹಾಗಿರುವ ಟಿಡಿಎಸ್ ಮೀಟರನ್ನು ಯಾರೋ ಹುಡುಗ ಜೇಬಿನಿಂದ ತೆಗೆಯುತ್ತಾನೆ, ಇದು ಎಲ್ಲ ಕಡೆಯೂ ಆಗುವ ತಪ್ಪು. ಅದು ನೀರಿನಲ್ಲಿ ಕರೆಂಟು ಎಷ್ಟು ಹರಿಯುತ್ತದೆ ಅಂತ ಅಳೆದು ಕರಗಿದ ಉಪ್ಪುಗಳ ಒಟ್ಟು ಅಂದಾಜು ಕೊಡುತ್ತದೆ. ಅದರಲ್ಲಿ ಫ್ಲೋರೈಡ್ ಎಷ್ಟು ಅಂತ ಹೇಳುವುದಿಲ್ಲ. ಶುದ್ಧ ನೀರಿನ ಘಟಕದಲ್ಲಿ ನೀರನ್ನು ಪೊರೆಯ ಮೂಲಕ ಒತ್ತಿ ಸೋಸುವ ಆರ್‌ಓ ಫ್ಲೋರೈಡನ್ನು ಬಹುಮಟ್ಟಿಗೆ ತೆಗೆಯುತ್ತದೆ, ಪೊರೆ ಹಳತಾದರೆ ಅದೂ ತೆಗೆಯುವುದಿಲ್ಲ. ಇನ್ನೊಂದು ತಪ್ಪು ಮನೆಯೊಳಗಿನದು. ಕುಡಿಯಲು ಕ್ಯಾನ್ ನೀರು, ಎಸರಿಗೆ, ಬೇಳೆಗೆ, ಕಾಫಿಗೆ ನಲ್ಲಿ ನೀರು. ಬೇಯಿಸಿದ್ದರಲ್ಲೂ ಆ ಫ್ಲೋರೈಡ್ ಅಲ್ಲೇ ಇರುತ್ತದೆ.

ಶನಿವಾರ ಎಲ್ಲರೂ ಚೆದುರಿದ ಮೇಲೆ, ಚಪ್ಪಲಿ ಬಿಟ್ಟ ಜಾಗದಲ್ಲಿ ಅಜ್ಜಿ ಪಕ್ಕದ ಹೆಂಗಸನ್ನು ಕೇಳುತ್ತಿದ್ದರು. ಫಿಲ್ಟ್ರು ನೀರಿನ ಮನೆಯಿಂದ ಆಚೆಗೆ ಬಿಡುವ ನೀರನ್ನು ತೊಟ್ಟಿಗೆ ತಿರುಗಿಸಿಕೊಂಡಿದ್ದೀವಲ್ಲ, ಎಮ್ಮೆ ದಿನಾ ಅದನ್ನೇ ಕುಡಿಯುತ್ತೆ, ಅದಕ್ಕೇನೂ ಆಗಲ್ವಾ? ಮೇಷ್ಟ್ರ ಕಾರು ಆಗಲೇ ಹೊರಟಿತ್ತು. ಆಗುತ್ತದೆ. ಆರ್‌ಓ ತೆಗೆದ ಫ್ಲೋರೈಡೆಲ್ಲ ಸೇರಿರುವುದು ಆ ಹೊರಬಿಟ್ಟ ನೀರಿನಲ್ಲೇ, ಬೋರ್‌ವೆಲ್ ನೀರಿಗಿಂತ ಗಟ್ಟಿಯಾಗಿ. ದನಕರುಗಳ ಹಲ್ಲು ಮೂಳೆಗೂ ಅದು ತಟ್ಟುತ್ತದೆ. ಬರುವ ಶನಿವಾರ ಮಧ್ಯಾಹ್ನದ ಪರೀಕ್ಷೆಗೆ ಕಿಟ್, ಏಳೂಕಾಲಕ್ಕೆ ಒಲೆ, ಎರಡು ಲೀಟರಿನ ಪಾತ್ರೆ, ಇನ್ನೊಂದು ಮೈಕು ಹೊಂದಿಸಿದೆ. ತೊಟ್ಟಿಯ ನೀರನ್ನು ಮಧ್ಯಾಹ್ನವೇ ಒಂದು ಬಾಟಲಿಯಲ್ಲಿ ತರಬೇಕೆಂದು ಅಜ್ಜಿಗೆ ಹೇಳಿಕಳಿಸಿದೆ.