ಬಸುರಿಗೆ ಡೆಂಗ್ಯೂ ಬಂದರೆ ಮೊದಲು ಪಿಸಿವಿ ಕೇಳಿ

ಡೆಂಗ್ಯೂ ಅಂದ ಕೂಡಲೇ ಮನೆಮಂದಿಯೆಲ್ಲ ಕೇಳುವುದು ‘ಪ್ಲೇಟ್‌ಲೆಟ್ ಎಷ್ಟು?’ ಅಂತ. ಬಸುರಿಯ ವಿಷಯದಲ್ಲಿ ಅದಕ್ಕೂ ಮೊದಲು ಪಿಸಿವಿ ಕೇಳಬೇಕು, ಅಂದರೆ ರಕ್ತದಲ್ಲಿ ಕೆಂಪುಕಣಗಳ ಪಾಲು. ಡೆಂಗ್ಯೂನಲ್ಲಿ ರಕ್ತನಾಳಗಳಿಂದ ನೀರಿನಂಶ ಸೋರಿ ರಕ್ತ ಗಟ್ಟಿಯಾಗುತ್ತದೆ, ಪಿಸಿವಿ ಏರುತ್ತದೆ. ಬಸುರಿನಲ್ಲೋ ರಕ್ತದ ದ್ರವಭಾಗ ಹೆಚ್ಚಿ ಪಿಸಿವಿ ಮೊದಲೇ ಇಳಿದಿರುತ್ತದೆ. 32 ಇದ್ದದ್ದು 39 ಆದರೆ ಶೇ 20ಕ್ಕೂ ಮೀರಿದ ಏರಿಕೆ. ಲ್ಯಾಬ್ ವರದಿಯಲ್ಲಿ ಮಾತ್ರ ‘ನಾರ್ಮಲ್’. ಅದಕ್ಕೇ ತಾಯಿ ಕಾರ್ಡಿನ ಜೊತೆ ಹಳೆಯ ಸಿಬಿಸಿ (ರಕ್ತಕಣಗಳ ಎಣಿಕೆ) ವರದಿಯನ್ನೂ ಒಯ್ಯಿರಿ. ನಾಡಿ ಜೋರು, ಬಿಪಿ ತುಸು ಕಡಿಮೆ ಇರುವುದೂ ಬಸುರಿನಲ್ಲಿ ಸಹಜವಾದ್ದರಿಂದ ಶಾಕ್, ಅಂದರೆ ಅಂಗಗಳಿಗೆ ರಕ್ತ ಸಾಲದ ಸ್ಥಿತಿ, ಶುರುವಾದದ್ದು ತಡವಾಗಿ ಗೊತ್ತಾಗುತ್ತದೆ.

ಜ್ವರ ಬಿಟ್ಟಿತು ಅಂತ ನಿಟ್ಟುಸಿರು ಬಿಡಬೇಡಿ. ಮೂರರಿಂದ ಏಳನೇ ದಿನದೊಳಗೆ ಜ್ವರ ಇಳಿದ ಮೇಲಿನ 24–48 ಗಂಟೆಯೇ ಕಷ್ಟದ ಹೊತ್ತು. ಬಿಡದ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ವಸಡಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು, ಆರು ಗಂಟೆಯಾದರೂ ಮೂತ್ರ ಬಾರದಿರುವುದು, ಮಗುವಿನ ಅಲುಗಾಟ ಕಡಿಮೆಯಾಗುವುದು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ. ನಿಜವಾಗಿ, ಇವು ಯಾವುವೂ ಇಲ್ಲದಿದ್ದರೂ ಡೆಂಗ್ಯೂ ಇರುವ ಬಸುರಿಯನ್ನು ಆಸ್ಪತ್ರೆಗೆ ಸೇರಿಸುವುದೇ ಸರಿ.

ಡೆಂಗ್ಯೂ ಪತ್ತೆಗೆ ಜ್ವರದ ಮೊದಲ ಐದು ದಿನದೊಳಗೆ ಎನ್‌ಎಸ್1 (ವೈರಸ್ಸಿನ ಪ್ರೋಟೀನ್ ಹುಡುಕುವುದು), ಆಮೇಲೆ ಐಜಿಎಂ (ಮೈಯಲ್ಲಿ ಹುಟ್ಟಿದ ಪ್ರತಿಕಾಯ ಹುಡುಕುವುದು) ಪರೀಕ್ಷೆ. ಎನ್‌ಎಸ್1 ನೆಗೆಟಿವ್ ಬಂದ ಮಾತ್ರಕ್ಕೆ ಡೆಂಗ್ಯೂ ಇಲ್ಲ ಅನ್ನಲಾಗದು. ಜ್ವರಕ್ಕೆ ಪ್ಯಾರಾಸಿಟಮಾಲ್ 500 ಮಿಗ್ರಾಂ, ಆರು ಗಂಟೆಗೊಮ್ಮೆ, ಅಷ್ಟೇ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಮೆಫೆನಾಮಿಕ್ ಆಸಿಡ್ ಬೇಡವೇ ಬೇಡ. ಸೊಂಟಕ್ಕೆ ಚುಚ್ಚುವ ‘ಜ್ವರದ ಇಂಜೆಕ್ಷನ್’ ಕೂಡ ಬೇಡ, ಅಲ್ಲಿ ರಕ್ತ ಹೆಪ್ಪುಗಟ್ಟೀತು. ಬಿಪಿ ಏರದಂತೆ ಕಡಿಮೆ ಡೋಸಿನ ಆಸ್ಪಿರಿನ್ ನುಂಗುತ್ತಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಬಹಳ ಜನ ಇದನ್ನು ಮರೆಯುತ್ತಾರೆ. ಪಪ್ಪಾಯಿ ಎಲೆ ರಸಕ್ಕೆ ಓಡಾಡುವ ಬದಲು ಗಂಜಿ, ಓಆರ್‌ಎಸ್, ಎಳನೀರು ಕುಡಿಸಿ.

ಡೆಂಗ್ಯೂ ಸೊಳ್ಳೆಯೇ ಹರಡುವ ಚಿಕುನ್‌ಗುನ್ಯದ ಅಪಾಯ ಹೆಚ್ಚಿರುವುದು ಹೆರಿಗೆಯ ಹೊತ್ತಿಗೇ ತಾಯಿಗೆ ಜ್ವರವಿದ್ದರೆ. ಸಿಸೇರಿಯನ್ ಮಾಡಿದರೂ ಮಗುವಿಗೆ ಸೋಂಕು ತಪ್ಪುವುದಿಲ್ಲ; ಹುಟ್ಟುವಾಗ ಚೆನ್ನಾಗಿದ್ದ ಕೂಸು ಮೂರರಿಂದ ಏಳನೇ ದಿನದಲ್ಲಿ ಹಾಲು ಕುಡಿಯುವುದನ್ನೇ ಬಿಡಬಹುದು. ಅಷ್ಟು ದಿನ ಕೂಸನ್ನು ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು.

ಅದೇ ಸೊಳ್ಳೆ ತರುವ ಝೀಕಾ ವೈರಸ್ ರಾಜ್ಯದಲ್ಲಿ ಮೊದಲು ಪತ್ತೆಯಾದದ್ದು 2022ರ ಡಿಸೆಂಬರ್‌ನಲ್ಲಿ, ರಾಯಚೂರು ಜಿಲ್ಲೆಯಲ್ಲಿ. ಜ್ವರ ಹಗುರ, ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ. ಆದರೆ ಮಗುವಿನ ಮೆದುಳಿನ ಬೆಳವಣಿಗೆಗೇ ಕುತ್ತು. ಇದು ಲೈಂಗಿಕ ಸಂಪರ್ಕದಿಂದಲೂ ಹರಡುತ್ತದೆ. ಸೋಂಕಿರುವ ಊರಿಗೆ ಗಂಡ ಹೋಗಿಬಂದಿದ್ದರೆ ಹೆರಿಗೆಯಾಗುವ ತನಕ ಕಾಂಡೋಮ್ ಬಳಸಬೇಕು. ಈ ಮಾತು ಹೇಳಲು ನಾಚುವವರೇ ಹೆಚ್ಚು.

ಮೂರನ್ನೂ ತರುವುದು ಈಡಿಸ್ ಸೊಳ್ಳೆ, ಕಚ್ಚುವುದು ಹಗಲಲ್ಲಿ. ಮಧ್ಯಾಹ್ನ ಮಲಗುವಾಗಲೂ ಪರದೆ ಕಟ್ಟಿ. ಡ್ರಮ್ಮಿನ ನೀರು ಚೆಲ್ಲಿದರೆ ಸಾಲದು. ಮೊಟ್ಟೆ ನೀರಿನ ಗೆರೆಯ ಮೇಲೆ ಗೋಡೆಗೆ ಅಂಟಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತದೆ. ವಾರಕ್ಕೊಮ್ಮೆ ಬ್ರಷ್ ಹಾಕಿ ಉಜ್ಜಬೇಕು. ಫ್ರಿಡ್ಜಿನ ಹಿಂದಿನ ತಟ್ಟೆಯನ್ನೂ ಬಿಡಬೇಡಿ.